ಏಶಿಯಾದ ಅಂಗಳವೂ ನಮ್ಮ ಐದು ತಾಲ್ಲೂಕುಗಳೂ

ಆಟವೆಂದರೆ ಹೊತ್ತು ಹೋಗದವರ ಕಾಲಹರಣವೆಂದು ತಿಳಿದವರು ನಮ್ಮ ಕಡೆ ಈಗಲೂ ಕಡಿಮೆಯಿಲ್ಲ. ಅಂಥವರ ಮುಂದೆ ಕಾಲ್ಚೆಂಡಾಟದ ಮಾತನ್ನೆತ್ತಿ, ಅದರಲ್ಲಿಯೂ ಏಶಿಯಾ ಖಂಡದ ಕ್ಲಬ್ಬುಗಳ ಪಂದ್ಯಾವಳಿಗಳ ಮಾತನ್ನೆತ್ತಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಗೂ ಅದಕ್ಕೂ ಸಂಬಂಧವಿದೆಯೆಂದರೆ ಅವರು ನಕ್ಕಾರು. "ಕಬ್ಬಿನ ಬಿಲ್ಲು ಕೈಗೆ ಬಂದಿಲ್ಲ, ಬೇಸಿಗೆಗೆ ಕೃಷ್ಣೆಯಲ್ಲಿ ನೀರಿಲ್ಲ, ಇವನಿಗೆ ಏಶಿಯಾದ ಚೆಂಡಿನ ಚಿಂತೆ!" ಎಂದಾರು. ನಗುವವರು ನಗಲಿ. ಆದರೆ ನಕ್ಕು ಮುಗಿದ ಮೇಲೆ ಒಂದು ಪ್ರಶ್ನೆಗೆ ಅವರೂ ಉತ್ತರ ಹೇಳಬೇಕು. ಐದು ತಾಲ್ಲೂಕುಗಳಲ್ಲಿ ಇಷ್ಟೊಂದು ಹುಡುಗರು, ಇಷ್ಟೊಂದು ಸಾಲಿ-ಕಾಲೇಜುಗಳು, ಇಷ್ಟೊಂದು ಸಕ್ಕರೆ ಕಾರ್ಖಾನೆಗಳು ಇದ್ದೂ, ಜಗತ್ತು ಅತ್ಯಂತ ಹೆಚ್ಚಾಗಿ ಆಡುವ ಆಟದಲ್ಲಿ ನಮ್ಮ ಹೆಸರು ಎಲ್ಲಿಯೂ ಏಕೆ ಕೇಳಿಬರುವುದಿಲ್ಲ? ಈ ಪ್ರಶ್ನೆಯನ್ನು ಬಿಡಿಸಲು ಸ್ವಲ್ಪ ದೂರ ಸುತ್ತಿ ಬರಬೇಕಾಗುತ್ತದೆ. ವಾಚಕರು ತಾಳ್ಮೆಯಿಂದ ಜೊತೆಗೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.

ಕಾಲ್ಚೆಂಡಾಟದಲ್ಲಿ ಕನ್ನಡ ನಾಡು ದರಿದ್ರವೆಂದು ತಿಳಿಯುವುದು ಮೊದಲನೆಯ ತಪ್ಪು. ೧೯೩೭ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲನೆಯ ಭಾರತೀಯ ನಾಗರಿಕ ತಂಡವೆಂದರೆ ಬೆಂಗಳೂರು ಮುಸ್ಲಿಮ್ಸ್. ಅದಕ್ಕೂ ಮೊದಲು ಆ ಕಪ್ಪು ಬಹುತೇಕ ಬಿಳಿಯರ ಸೈನ್ಯದ ತಂಡಗಳ ಸೊತ್ತಾಗಿತ್ತು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಪರವಾಗಿ ಫ್ರಾನ್ಸಿನ ಮೇಲೆ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನವರೇ ಆದ ಅಹಮದ್ ಖಾನರು ಕಲಕತ್ತೆಯ ಈಸ್ಟ್ ಬೆಂಗಾಲದ 'ಪಂಚಪಾಂಡವ'ರಲ್ಲಿ ಒಬ್ಬರೆನಿಸಿದರು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ೧೯೪೬-೪೭, ೧೯೫೨-೫೩, ೧೯೬೭-೬೮, ೧೯೬೮-೬೯ ಹೀಗೆ ನಾಲ್ಕು ಸಲ ಗೆದ್ದಿತು. ಆಮೇಲೆ ಒಂದು ದೀರ್ಘ ನಿದ್ರೆ. ಮತ್ತೆ ಆ ಕಪ್ಪು ಕರ್ನಾಟಕಕ್ಕೆ ಬಂದದ್ದು ೨೦೨೩ರ ಮಾರ್ಚ್ ೪ರಂದು. ಸೌದಿ ಅರೇಬಿಯಾದ ರಿಯಾಧ್ ನಗರದಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸಿದಾಗ ಐವತ್ತನಾಲ್ಕು ವರ್ಷಗಳ ವನವಾಸ ಮುಗಿಯಿತು.

ಈ ಲೆಕ್ಕದಲ್ಲಿ ನಮ್ಮವರೇ ಮರೆತ ಒಂದು ಪುಟವಿದೆ. ಏಶಿಯಾದ ಕಾಲ್ಚೆಂಡು ಒಕ್ಕೂಟ ಸ್ಥಾಪನೆಯಾದದ್ದು ೧೯೫೪ರಲ್ಲಿ, ಮನಿಲಾದಲ್ಲಿ. ಭಾರತವೂ ಪಾಕಿಸ್ತಾನವೂ ಅದರ ಸ್ಥಾಪಕ ಸದಸ್ಯರು. ಖಂಡದ ಚಾಂಪಿಯನ್ ಕ್ಲಬ್ಬುಗಳನ್ನು ಒಂದೆಡೆ ಕೂಡಿಸಿ ಆಡಿಸುವ ಪದ್ಧತಿ ೧೯೬೭ರಲ್ಲಿ ಆರಂಭವಾಯಿತು. ಎರಡನೆಯ ಪಂದ್ಯಾವಳಿ ೧೯೬೯ರಲ್ಲಿ ಬ್ಯಾಂಕಾಕಿನಲ್ಲಿ ನಡೆಯಿತು. ಆಗ ಭಾರತದಲ್ಲಿ ರಾಷ್ಟ್ರೀಯ ಲೀಗು ಇರಲಿಲ್ಲ. ಆದುದರಿಂದ ಸಂತೋಷ್ ಟ್ರೋಫಿಯನ್ನು ಗೆದ್ದ ತಂಡವನ್ನೇ ಭಾರತದ ಪರವಾಗಿ ಕಳಿಸಲಾಯಿತು. ಆ ತಂಡ ಯಾವುದು? ಮೈಸೂರು ರಾಜ್ಯ! ಟೆಲ್ ಅವೀವಿನ ಮಕಾಬಿ ತಂಡ ಆ ಸಲ ಕಪ್ಪನ್ನು ಒಯ್ದಿತೆಂಬುದು ಬೇರೆ ಮಾತು. ಏಶಿಯಾದ ಕ್ಲಬ್ಬುಗಳ ಸಾಲಿನಲ್ಲಿ ಭಾರತದ ಹೆಸರನ್ನು ಮೊದಲು ಬರೆಯಿಸಿದ್ದು ಕಲಕತ್ತೆಯ ಮೋಹನ ಬಾಗಾನವಲ್ಲ, ಗೋವೆಯ ಕ್ಲಬ್ಬುಗಳಲ್ಲ, ನಮ್ಮ ರಾಜ್ಯದ ತಂಡವೆಂಬುದು ಹೆಮ್ಮೆಯ ಮಾತು. ೧೯೫೬ರ ನವೆಂಬರ್ ೧ರಿಂದ ನಮ್ಮ ತಾಲ್ಲೂಕುಗಳೂ ಅದೇ ಮೈಸೂರು ರಾಜ್ಯದಲ್ಲಿದ್ದವು. ಅಂದ ಮೇಲೆ ಬ್ಯಾಂಕಾಕಿಗೆ ಹೋದ ಆ ತಂಡ ಹೆಸರಿನಿಂದಲಾದರೂ ಚಿಕ್ಕೋಡಿಯದೂ ಆಗಿತ್ತು, ಅಥಣಿಯದೂ ಆಗಿತ್ತು. 'ಹೆಸರಿನಿಂದಲಾದರೂ' ಎಂಬ ಮಾತಿನಲ್ಲಿಯೇ ನನ್ನ ದುಃಖವೆಲ್ಲ ಅಡಗಿದೆ.

ಇನ್ನು ಇತ್ತೀಚಿನ ಕತೆ. ೨೦೧೩ರಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ ಹುಟ್ಟಿತು. ಜೆ.ಎಸ್.ಡಬ್ಲ್ಯು. ಎಂಬ ಉಕ್ಕಿನ ಸಂಸ್ಥೆಯ ಹಣ, ಆಶ್ಲಿ ವೆಸ್ಟ್‌ವುಡ್ ಎಂಬ ಇಂಗ್ಲಿಷ್ ತರಬೇತುಗಾರ, ಸುನೀಲ್ ಛೇತ್ರಿಯವರ ನಾಯಕತ್ವ. ಮೊದಲನೆಯ ವರ್ಷವೇ ಐ-ಲೀಗನ್ನು ಗೆದ್ದು ದೇಶವೇ ಬೆರಗಾಗುವಂತೆ ಮಾಡಿತು. ೨೦೧೫ರಲ್ಲಿ ಏಶಿಯಾದ ಬಾಗಿಲು ತಟ್ಟಿತು. ಆ ವರ್ಷ ಮಲೇಶಿಯಾದ ಜೊಹೊರ್ ತಂಡ ದೊಡ್ಡ ಪಂದ್ಯಾವಳಿಯ ಹೊಸ್ತಿಲಲ್ಲಿಯೇ ಅದನ್ನು ತಡೆದು ನಿಲ್ಲಿಸಿತು. ಚಿಕ್ಕದಾದ ಎ.ಎಫ್.ಸಿ. ಕಪ್ಪಿನಲ್ಲಿ ಹಾಂಗ್‌ಕಾಂಗಿನ ಸೌತ್ ಚೈನಾ ತಂಡ ಮನೆಗೆ ಕಳಿಸಿತು.

ಮರುವರ್ಷ ನಡೆದದ್ದು ನೆನಪಿಡತಕ್ಕದ್ದು. ಸ್ಪೇನಿನ ಆಲ್ಬರ್ಟ್ ರೋಕಾ ತರಬೇತುಗಾರರಾಗಿ ಬಂದರು. ಹಾಂಗ್‌ಕಾಂಗಿನಲ್ಲಿಯೇ ಕಿಟ್ಚಿ ತಂಡವನ್ನು ೩-೨ರಿಂದ ಸೋಲಿಸಿದ್ದಾಯಿತು. ಸಿಂಗಪುರದ ಟ್ಯಾಂಪೀನ್ಸ್ ರೋವರ್ಸ್ ತಂಡವನ್ನು ಒಂದೇ ಗೋಲಿನ ಅಂತರದಿಂದ ದಾಟಿದ್ದಾಯಿತು. ಉಪಾಂತ್ಯದಲ್ಲಿ ಎದುರಾದದ್ದು ಮತ್ತೆ ಅದೇ ಜೊಹೊರ್. ಅದು ಹಿಂದಿನ ವರ್ಷದ ಚಾಂಪಿಯನ್, ಗುಂಪು ಹಂತದಲ್ಲಿ ಬೆಂಗಳೂರನ್ನು ಸೋಲಿಸಿದ್ದ ತಂಡ. ಅಲ್ಲಿ ೧-೧ ಸಮ. ೨೦೧೬ರ ಅಕ್ಟೋಬರ್ ೧೯ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಎದುರಾಳಿಗಳು ಮೊದಲು ಗೋಲು ಹೊಡೆದರು. ಆಮೇಲೆ ಛೇತ್ರಿ ಎರಡು, ಹುವಾನನ್ ಒಂದು. ೩-೧ರ ಗೆಲುವಿನೊಡನೆ ಭಾರತದ ಯಾವ ಕ್ಲಬ್ಬೂ ಅದುವರೆಗೆ ಮುಟ್ಟದಿದ್ದ ಅಂತಿಮ ಪಂದ್ಯವನ್ನು ಕನ್ನಡ ನಾಡಿನ ಕ್ಲಬ್ಬು ಮುಟ್ಟಿತು. ೨೦೦೮ರಲ್ಲಿ ಗೋವೆಯ ಡೆಂಪೊ, ೨೦೧೩ರಲ್ಲಿ ಈಸ್ಟ್ ಬೆಂಗಾಲ ಉಪಾಂತ್ಯದಲ್ಲಿಯೇ ನಿಂತಿದ್ದವು.

ನವೆಂಬರ್ ೫ರಂದು ದೋಹಾದಲ್ಲಿ ಅಂತಿಮ ಪಂದ್ಯ. ಎದುರಿಗೆ ಇರಾಕಿನ ವಾಯುಸೇನೆಯ ಕ್ಲಬ್ಬು, ಅಲ್ ಕುವ್ವಾ ಅಲ್ ಜವಿಯಾ. ೭೧ನೆಯ ನಿಮಿಷದಲ್ಲಿ ಹಮ್ಮಾದಿ ಅಹಮದ್ ಹೊಡೆದ ಒಂದು ಗೋಲು ಪಂದ್ಯವನ್ನು ಮುಗಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿ ಸೋಲಲ್ಲ, ಸೋಲಿಸಿದವರ ಸ್ಥಿತಿ. ಯುದ್ಧದಿಂದ ನುಚ್ಚುನೂರಾದ ದೇಶದ ಆ ಕ್ಲಬ್ಬಿಗೆ ತನ್ನ ನೆಲದಲ್ಲಿ ಏಶಿಯಾದ ಪಂದ್ಯವಾಡುವ ಭಾಗ್ಯವಿರಲಿಲ್ಲ. 'ಸ್ವಂತ ಮೈದಾನ'ದ ಪಂದ್ಯಗಳನ್ನು ಪರದೇಶದ ದೋಹಾದಲ್ಲಿ ಆಡುತ್ತ ಅವರು ಕಪ್ಪನ್ನು ಗೆದ್ದರು. ಮುಂದಿನ ಎರಡು ವರ್ಷವೂ ಬಿಡಲಿಲ್ಲ. ೧೯೩೧ರಲ್ಲಿ ಹುಟ್ಟಿದ ಆ ಕ್ಲಬ್ಬಿನ ಬೇರು ಬಾಂಬು ಬಿದ್ದರೂ ಕೀಳದಷ್ಟು ಆಳಕ್ಕೆ ಇಳಿದಿತ್ತೆಂದೇ ನಾನು ಇದಕ್ಕೆ ಅರ್ಥ ಹೇಳುತ್ತೇನೆ.

ಬೆಂಗಳೂರು ೨೦೧೭ರಲ್ಲಿ ಉತ್ತರ ಕೊರಿಯಾದ ಏಪ್ರಿಲ್ ೨೫ ತಂಡವನ್ನು ಮನೆಯಲ್ಲಿ ೩-೦ರಿಂದ ಸೋಲಿಸಿ, ಪ್ಯೊಂಗ್‌ಯಾಂಗಿಗೇ ಹೋಗಿ ಗೋಲಿಲ್ಲದೆ ಸಮ ಮಾಡಿಕೊಂಡು ಬಂದಿತು. ಆದರೆ ತಾಜಿಕಿಸ್ತಾನದ ಇಸ್ತಿಕ್ಲೋಲನ್ನು ದಾಟಲಿಲ್ಲ. ೨೦೧೮ರಲ್ಲಿ ತುರ್ಕಮೆನಿಸ್ತಾನದ ಆಲ್ತಿನ್ ಅಸಿರ್ ಎರಡೂ ಪಂದ್ಯಗಳಲ್ಲಿ ಸೋಲಿಸಿತು. ೨೦೨೦ರಲ್ಲಿ ಮಾಲ್ದೀವಿನ ಮಾಝಿಯಾ ತಂಡ ಪೆನಾಲ್ಟಿ ಒದೆತಗಳಲ್ಲಿ ಹೊರಗೆ ಹಾಕಿತು. ಮಾಲ್ದೀವಿನ ಒಟ್ಟು ಜನಸಂಖ್ಯೆ ಐದು ಲಕ್ಷದ ಸುಮಾರು. ನಮ್ಮ ಬೆಳಗಾವಿ ಜಿಲ್ಲೆಯೊಂದರ ಜನಸಂಖ್ಯೆಯೇ ೨೦೧೧ರ ಜನಗಣತಿಯಲ್ಲಿ ೪೭ ಲಕ್ಷವನ್ನು ಮೀರಿತ್ತು. ಸಮುದ್ರದ ನಡುವೆ ಮೈದಾನಕ್ಕೆ ಜಾಗವೇ ಸಾಲದ ದ್ವೀಪದವರು ಏಶಿಯಾದಲ್ಲಿ ಆಡುತ್ತಾರೆ. ನೆಲಕ್ಕೆ ಬರವಿಲ್ಲದ ನಾವು ಆಡುವುದಿಲ್ಲ.

ಈಗ ನೆರೆಯ ಪಾಕಿಸ್ತಾನದ ಕಡೆ ಒಮ್ಮೆ ನೋಡೋಣ. ನೆರೆಯವರನ್ನು ಹಳಿಯಲು ಈ ಮಾತು ಬರೆಯುತ್ತಿಲ್ಲ. ಅವರ ಕತೆಯಲ್ಲಿ ನಮ್ಮ ಮುಖವೇ ಕಾಣುತ್ತದೆಂದು ಬರೆಯುತ್ತಿದ್ದೇನೆ. ಅಲ್ಲಿ ಹೆಸರಾದ ತಂಡಗಳು ಬಹುಮಟ್ಟಿಗೆ ಇಲಾಖೆಗಳ ತಂಡಗಳು: ಜಲ-ವಿದ್ಯುತ್ ಪ್ರಾಧಿಕಾರವಾದ ವಾಪ್ಡಾ, ಸೈನ್ಯ, ಖಾನ್ ಸಂಶೋಧನಾಲಯ. ಆಟಗಾರನಿಗೆ ನೌಕರಿ ಸಿಗುತ್ತದೆ, ಪಿಂಚಣಿಯ ಭರವಸೆ ಇರುತ್ತದೆ. ಬೆಂಗಳೂರಿನಲ್ಲಿಯೂ ಎಚ್.ಎ.ಎಲ್., ಐ.ಟಿ.ಐ. ತಂಡಗಳು ಇದೇ ಬಗೆಯವು. ಬಡವರ ಮಕ್ಕಳಿಗೆ ಅವು ಅನ್ನ ಕೊಟ್ಟವೆಂಬುದನ್ನು ಮರೆಯಬಾರದು. ೨೦೧೩ರಲ್ಲಿ ಖಾನ್ ಸಂಶೋಧನಾಲಯದ ತಂಡ ಏಶಿಯಾದ ಮೂರನೆಯ ದರ್ಜೆಯ ಪಂದ್ಯಾವಳಿಯಾದ ಪ್ರೆಸಿಡೆಂಟ್ಸ್ ಕಪ್ಪಿನ ಅಂತಿಮ ಪಂದ್ಯಕ್ಕೆ ಏರಿ, ತುರ್ಕಮೆನಿಸ್ತಾನದ ಬಾಲ್ಕನ್ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಮುಂದೇನಾಯಿತು? ಒಕ್ಕೂಟದ ಕುರ್ಚಿಗಾಗಿ ಜಗಳ, ಕಚೇರಿಗೆ ಬೀಗ, ನ್ಯಾಯಾಲಯದ ಅಲೆದಾಟ. ಜಾಗತಿಕ ಸಂಸ್ಥೆಯಾದ ಫಿಫಾ ೨೦೧೭, ೨೦೨೧, ೨೦೨೫ ಹೀಗೆ ಮೂರು ಸಲ ಆ ದೇಶವನ್ನು ಅಮಾನತು ಮಾಡಿತು. ೨೦೧೮-೧೯ರಲ್ಲಿ ಮುಗಿದ ಅವರ ದೊಡ್ಡ ಲೀಗು ಆಮೇಲೆ ವರ್ಷಗಟ್ಟಲೆ ನೆಟ್ಟಗೆ ನಡೆಯಲಿಲ್ಲ. ಲೀಗು ಇಲ್ಲದ ಮೇಲೆ ಚಾಂಪಿಯನ್ ಎಲ್ಲಿಂದ ಬರಬೇಕು? ಚಾಂಪಿಯನ್ ಇಲ್ಲದ ಮೇಲೆ ಏಶಿಯಾಕ್ಕೆ ಯಾರನ್ನು ಕಳಿಸಬೇಕು?

ಇದರಲ್ಲಿ ಒಂದು ವಿಪರ್ಯಾಸವಿದೆ. ಪಾಕಿಸ್ತಾನದ ಸಿಯಾಲಕೋಟೆ ನಗರ ಜಗತ್ತಿಗೆಲ್ಲ ಚೆಂಡು ಮಾಡಿ ಕೊಡುವ ಊರು. ೨೦೧೪ರ ಮತ್ತು ೨೦೨೨ರ ವಿಶ್ವಕಪ್ಪಿನ ಚೆಂಡುಗಳು ಅಲ್ಲಿ ತಯಾರಾದವು. ಚೆಂಡು ವಿಶ್ವಕಪ್ಪಿಗೆ ಹೋಗುತ್ತದೆ, ಆ ಊರಿನ ಹುಡುಗ ಹೋಗುವುದಿಲ್ಲ. ಕೇಳಿ ಅಯ್ಯೋ ಎನ್ನುವ ಮೊದಲು ನಮ್ಮ ಅಥಣಿಯನ್ನು ನೆನೆಯಿರಿ. ಅಥಣಿಯ ಸಮಗಾರರ ಕೈಯ ಚಪ್ಪಲಿ ಕೊಲ್ಲಾಪುರದ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತುತ್ತದೆ. ಮಾಡಿದವರ ಊರಿನ ಹೆಸರು ಯಾರಿಗೂ ಗೊತ್ತಿಲ್ಲ. ೨೦೧೯ರಲ್ಲಿ ದೊರೆತ ಭೌಗೋಳಿಕ ಗುರುತಿನ ಪತ್ರದಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿತು, ಸರಿ. ಆದರೆ ಚಪ್ಪಲಿಯ ಹೆಸರು ಬದಲಾಗಲಿಲ್ಲ. ಕೈ ನಮ್ಮದು, ಹೆಸರು ಇನ್ನೊಬ್ಬರದು. ಸಿಯಾಲಕೋಟೆಯೂ ಅಥಣಿಯೂ ಈ ವಿಷಯದಲ್ಲಿ ಅಕ್ಕತಂಗಿಯರು.

ಹಾಗೆಂದು ಇಲಾಖೆಯ ತಂಡವೆಂಬುದೇ ದೋಷವೆನ್ನಲಾಗದು. ಇರಾಕಿನ ವಾಯುಸೇನೆಯ ಕ್ಲಬ್ಬೂ ಇಲಾಖೆಯದೇ. ಕ್ಲಬ್ಬಿಗೆ ಹಣ ಯಾರದು ಎಂಬುದಕ್ಕಿಂತ, ಆ ಹಣ ನಿಂತ ದಿನ ಅದನ್ನು ಎತ್ತಿ ಹಿಡಿಯುವವರು ಯಾರು ಎಂಬುದೇ ಮುಖ್ಯ. ಈ ಪ್ರಶ್ನೆಯನ್ನು ಪಾಕಿಸ್ತಾನಕ್ಕೆ ಮಾತ್ರ ಕೇಳಿದರೆ ಅನ್ಯಾಯವಾಗುತ್ತದೆ. ೨೦೨೨ರ ಆಗಸ್ಟಿನಲ್ಲಿ ಫಿಫಾ ನಮ್ಮ ದೇಶದ ಒಕ್ಕೂಟವನ್ನೂ ಅಮಾನತು ಮಾಡಿತ್ತು. ಹತ್ತು ದಿನಗಳ ಆಚೆ ಅದು ತೆರವಾಯಿತೆನ್ನಿ. ಆದರೆ ಅಷ್ಟರಲ್ಲಿ ಏಶಿಯಾದ ಮಹಿಳಾ ಕ್ಲಬ್ಬುಗಳ ಪಂದ್ಯಾವಳಿಗೆಂದು ತಾಷ್ಕೆಂಟಿಗೆ ಹೋಗಿ ಇಳಿದಿದ್ದ ಗೋಕುಲಂ ಕೇರಳದ ಹೆಣ್ಣುಮಕ್ಕಳು ಒಂದು ಪಂದ್ಯವನ್ನೂ ಆಡದೆ ಹಿಂದಿರುಗಬೇಕಾಯಿತು. ದೊಡ್ಡವರ ಜಗಳದಲ್ಲಿ ಆ ಹುಡುಗಿಯರು ಮಾಡಿದ ತಪ್ಪೇನು? ೨೦೨೫ರಲ್ಲಿ ಒಪ್ಪಂದದ ತೊಡಕಿನಿಂದ ಇಂಡಿಯನ್ ಸೂಪರ್ ಲೀಗು ಹೊತ್ತಿಗೆ ಸರಿಯಾಗಿ ಆರಂಭವಾಗಲಿಲ್ಲ. ಆ ಆಗಸ್ಟಿನಲ್ಲಿ ಬೆಂಗಳೂರು ಕ್ಲಬ್ಬು ತನ್ನ ಮೊದಲ ತಂಡದವರ ಸಂಬಳವನ್ನೇ ತಡೆಹಿಡಿಯುವುದಾಗಿ ಪ್ರಕಟಿಸಿತು. ಏಶಿಯಾದ ಅಂತಿಮ ಪಂದ್ಯವಾಡಿದ ಕ್ಲಬ್ಬಿನ ಸ್ಥಿತಿ ಇದು! ಒಂದೇ ಒಂದು ಜೇಬಿನ ಮೇಲೆ ನಿಂತ ಕ್ಲಬ್ಬು ಎಷ್ಟು ಎತ್ತರಕ್ಕೆ ಬೆಳೆದರೂ ಕುಂಡದೊಳಗಿನ ಗಿಡವೇ ಸರಿ. ನೀರು ಹಾಕುವವನು ಊರಿಗೆ ಹೋದರೆ ಬಾಡುತ್ತದೆ.

ಹಾಗಾದರೆ ನೆಲದಲ್ಲಿ ಬೇರುಬಿಟ್ಟ ಗಿಡ ಯಾವುದು? ಐಜೋಲ್ ನಗರದ ಕತೆ ಹೇಳುತ್ತೇನೆ. ೨೦೧೧ರಲ್ಲಿ ಮೂರು ಲಕ್ಷವೂ ತುಂಬದಿದ್ದ ಜನಸಂಖ್ಯೆಯ ಆ ಬೆಟ್ಟದ ಊರಿನ ಕ್ಲಬ್ಬು ೨೦೧೬-೧೭ರಲ್ಲಿ ಕಲಕತ್ತೆ, ಬೆಂಗಳೂರುಗಳ ಶ್ರೀಮಂತ ಕ್ಲಬ್ಬುಗಳನ್ನೆಲ್ಲ ಹಿಂದೆ ಹಾಕಿ ಐ-ಲೀಗನ್ನು ಗೆದ್ದಿತು. ೨೦೧೮ರಲ್ಲಿ ಎ.ಎಫ್.ಸಿ. ಕಪ್ಪಿನಲ್ಲಿ ಬೆಂಗಳೂರಿನ ಗುಂಪಿನಲ್ಲಿಯೇ ಆಡಿತು. ಇದು ಮಾಯೆಯಿಂದಾಗಲಿಲ್ಲ. ೨೦೧೨ರಲ್ಲಿ ಮಿಜೋರಮ್ಮಿನವರು ತಮ್ಮದೇ ಒಂದು ಲೀಗನ್ನು ಆರಂಭಿಸಿದರು. ಅಲ್ಲಿಯ ಕೇಬಲ್ ದೂರದರ್ಶನದವರು ಅದಕ್ಕೆ ಬೆಂಬಲವಾಗಿ ನಿಂತು ಪಂದ್ಯಗಳನ್ನು ಮನೆಮನೆಗೆ ಮುಟ್ಟಿಸಿದರು. ನೆರೆಮನೆಯ ಹುಡುಗ ಪರದೆಯ ಮೇಲೆ ಆಡುವುದನ್ನು ಕಂಡ ಮಕ್ಕಳು ತಾವೂ ಆಡಿದರು. ೨೦೧೬ರಲ್ಲಿ ದೋಹಾದಲ್ಲಿ ಬೆಂಗಳೂರಿನ ಗೋಲು ಕಾಯ್ದ ರಾಲ್ಟೆ ಮಿಜೋರಮ್ಮಿನವರು. ನಡುಮೈದಾನದ ಲಿಂಗ್ಡೋ ಮೇಘಾಲಯದವರು. ರಿನೋ ಆಂಟೊ, ವಿನೀತ್ ಕೇರಳದವರು. ಬೆಳಗಾವಿ ಜಿಲ್ಲೆಯವರು ಒಬ್ಬರೂ ಇರಲಿಲ್ಲ. ಇದಕ್ಕಾಗಿ ಕ್ಲಬ್ಬನ್ನು ದೂರುವುದು ಸಲ್ಲದು. ನಾವು ಬೆಳೆಯದ ಬೆಳೆಯನ್ನು ಅವರು ಎಲ್ಲಿಂದ ಕೊಳ್ಳಬೇಕು?

ಐಜೋಲು ದೂರವಾಯಿತೆನ್ನುವವರು ಕೊಲ್ಲಾಪುರವನ್ನು ನೋಡಲಿ. ನಿಪ್ಪಾಣಿಯಿಂದ ಒಂದು ತಾಸಿನ ಹಾದಿ. ಕುಸ್ತಿಗೆ ಹೆಸರಾದ ಆ ಊರಿನಲ್ಲಿ ಪೇಟೆಗೊಂದು ತಾಲೀಮು. ಆ ತಾಲೀಮುಗಳೇ ಕಾಲ್ಚೆಂಡಿನ ತಂಡಗಳೂ ಆಗಿರುವುದು ಬೇರೆ ಊರಿನವರಿಗೆ ವಿಚಿತ್ರವೆನಿಸೀತು. ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು, ದಿಲಬಹಾರ ತಾಲೀಮು, ಬಾಲಗೋಪಾಲ ತಾಲೀಮು, ಶಿವಾಜಿ ತರುಣ ಮಂಡಳ ಇತ್ಯಾದಿ. ಶಾಹೂ ಕ್ರೀಡಾಂಗಣದಲ್ಲಿ ಪಂದ್ಯವಿದ್ದ ದಿನ ಪೇಟೆಗೆ ಪೇಟೆಯೇ ಎದ್ದು ಹೋಗುತ್ತದೆ. ಅಲ್ಲಿ ಗಲಾಟೆಗಳೂ ಆಗುತ್ತವೆ, ಅದನ್ನು ನಾವು ಅನುಕರಿಸಬೇಕಾಗಿಲ್ಲ. ಆದರೆ ೨೦೧೭ರಲ್ಲಿ ಭಾರತದಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ದೇಶದ ಪರವಾಗಿ ಆಡಿದ ಅನಿಕೇತ ಜಾಧವ ಕೊಲ್ಲಾಪುರದ ಹುಡುಗ. ಇದು ಆಕಸ್ಮಿಕವಲ್ಲ, ಆ ಪೇಟೆಗಳ ತಾಲೀಮಿನ ಫಲ.

ನಮ್ಮ ರಾಯಬಾಗ ೧೯೪೯ರವರೆಗೆ ಕೊಲ್ಲಾಪುರ ಸಂಸ್ಥಾನದ ಭಾಗವಾಗಿತ್ತೆಂಬುದು ಇತಿಹಾಸ ಓದಿದವರಿಗೆ ಗೊತ್ತು. ರಾಯಬಾಗಕ್ಕೂ ಕೊಲ್ಲಾಪುರಕ್ಕೂ ಒಬ್ಬನೇ ಅರಸ. ನಮ್ಮ ಕಡೆಯ ಊರುಗಳಲ್ಲಿಯೂ ಗರಡಿಮನೆಗಳಿದ್ದವು, ಈಗಲೂ ಇವೆ. ಹಬ್ಬ-ಜಾತ್ರೆಗಳಲ್ಲಿ ಕುಸ್ತಿಯ ಕಣಗಳಿಗೆ ಜನ ಈಗಲೂ ಮುಗಿಬೀಳುತ್ತಾರೆ. ಮೈಯ ಕಸುವಿಗೆ ಕೊರತೆಯಿಲ್ಲ, ಹಾಲು-ಜೋಳಕ್ಕೆ ಕೊರತೆಯಿಲ್ಲ. ಅಲ್ಲಿಯ ತಾಲೀಮಿನಿಂದ ಚೆಂಡು ಅಂಗಳಕ್ಕೆ ಉರುಳಿತು, ನಮ್ಮ ಗರಡಿಯಿಂದ ಉರುಳಲಿಲ್ಲ. ಗಡಿಯ ಮಾತೆತ್ತಿದರೆ ಭಾಷೆಯ ಜಗಳವೇ ನೆನಪಾಗುವಂತೆ ನಮ್ಮನ್ನು ಬೆಳೆಸಿದ್ದಾರೆ. ಒಳ್ಳೆಯದನ್ನು ಕಲಿಯಲು ಗಡಿ ಅಡ್ಡಬರಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಿಪ್ಪಾಣಿಯ ಹುಡುಗನಿಗೆ ಚೆಂಡಿನ ಭಾಷೆ ಮೂರನೆಯದಾಗಿ ಬಂದರೆ ಯಾವ ಭಾಷೆಗೂ ಕುಂದಿಲ್ಲ.

ಈಗಿನ ವ್ಯವಸ್ಥೆಯಾದರೂ ಹೇಗಿದೆ? ರಾಜ್ಯದ ಅತ್ಯುನ್ನತ ದರ್ಜೆಯ ಲೀಗು ಬಹುಮಟ್ಟಿಗೆ ಬೆಂಗಳೂರಿನ ತಂಡಗಳದೇ. ನಮ್ಮಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ಮಿಕ್ಕ ದೂರ. ನಮ್ಮ ಹುಡುಗರಿಗೆ ಸಿಗುವುದು ಸಾಲಿಯಲ್ಲಿದ್ದಾಗ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಕ್ರೀಡಾಕೂಟ, ಕಾಲೇಜಿಗೆ ಬಂದ ಮೇಲೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳು. ವರ್ಷಕ್ಕೆ ಒಂದು ಸಲ, ಸೋತರೆ ಅದೇ ದಿನ ಮನೆಗೆ. ವರ್ಷಕ್ಕೆ ತೊಂಬತ್ತು ನಿಮಿಷ ಆಡಿ ಯಾವನೂ ಆಟಗಾರನಾಗಲಾರ. ವರ್ಷಕ್ಕೊಮ್ಮೆ ಬಾವಿಗೆ ಇಳಿದವನು ಈಜು ಕಲಿತಾನೆಯೆ? ಪಂದ್ಯದ ಹಿಂದಿನ ದಿನ ಕಬಡ್ಡಿಯವರಿಂದ ಇಬ್ಬರನ್ನು, ಕ್ರಿಕೆಟ್ಟಿನವರಿಂದ ಮೂವರನ್ನು ಕಡ ತಂದು ಹನ್ನೊಂದು ಜನರ ಲೆಕ್ಕ ತುಂಬಿಸುವುದನ್ನು ಆಡಿದವರೆಲ್ಲ ಬಲ್ಲರು. ಹುಡುಗಿಯರ ತಂಡದ ಮಾತಂತೂ ಬರುವುದೇ ಇಲ್ಲ. ತಾಷ್ಕೆಂಟಿನವರೆಗೆ ಹೋದ ಹೆಣ್ಣುಮಕ್ಕಳೂ ನಮ್ಮಂಥ ಊರುಗಳಿಂದಲೇ ಬಂದವರೆಂಬುದನ್ನು ನಾವು ಯೋಚಿಸುವುದಿಲ್ಲ.

ಬರಿಯ ಟೀಕೆ ಮಾಡಿ ಕೈತೊಳೆದುಕೊಳ್ಳುವುದು ವಿದ್ಯಾರ್ಥಿಗೆ ಶೋಭಿಸದು. ಆದುದರಿಂದ ನನ್ನ ಸೂಚನೆಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಐದು ತಾಲ್ಲೂಕುಗಳು. ತಾಲ್ಲೂಕಿಗೆ ಎರಡರಂತೆ ಹತ್ತು ತಂಡಗಳು. ಪ್ರತಿಯೊಂದು ತಂಡ ಉಳಿದ ಒಂಬತ್ತರೊಡನೆ ಒಂದೊಂದು ಸಲ ಆಡಿದರೆ ಒಟ್ಟು ೪೫ ಪಂದ್ಯಗಳಾಗುತ್ತವೆ. ರವಿವಾರಕ್ಕೆ ಐದು ಪಂದ್ಯ, ತಾಲ್ಲೂಕಿಗೊಂದು. ಒಂಬತ್ತು ರವಿವಾರಗಳಲ್ಲಿ ಲೀಗು ಮುಗಿಯಿತು. ದಸರೆಯಿಂದ ಎಳ್ಳಮಾವಾಸ್ಯೆಯವರೆಗೆ ದೀಪಾವಳಿಯನ್ನು ಬಿಟ್ಟರೂ ಒಂಬತ್ತು ರವಿವಾರಗಳು ಧಾರಾಳವಾಗಿ ಸಿಗುತ್ತವೆ. ಆಗ ಮಳೆ ನಿಂತಿರುತ್ತದೆ, ಕರಿಮಣ್ಣಿನ ಮೈದಾನ ಒಣಗಿರುತ್ತದೆ, ಪರೀಕ್ಷೆಯೂ ತಲೆಯ ಮೇಲೆ ಬಂದಿರುವುದಿಲ್ಲ. ಸೋತವನು ಮನೆಗೆ ಹೋಗುವ ಪದ್ಧತಿ ಬೇಡ. ಸೋತವನಿಗೂ ಮುಂದಿನ ರವಿವಾರ ಆಟವಿರಬೇಕು. ಲೀಗಿನ ಗುಟ್ಟೇ ಅದು. ಏಶಿಯಾದ ದೊಡ್ಡ ಕ್ಲಬ್ಬುಗಳು ಬೆಳೆದದ್ದೂ ಹೀಗೆಯೇ.

ತಂಡಗಳು ಎಲ್ಲಿಂದ ಬರಬೇಕು? ಕಾಲೇಜುಗಳಿವೆ. ಉಗಾರದಲ್ಲಿ, ಚಿಕ್ಕೋಡಿಯಲ್ಲಿ, ಅಥಣಿ-ನಿಪ್ಪಾಣಿಗಳ ಸುತ್ತಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಅವುಗಳ ಶೇರುದಾರರು ನಮ್ಮ ತಂದೆ-ತಾಯಿಗಳೇ ಆಗಿರುವ ಸಹಕಾರಿ ಕಾರ್ಖಾನೆಗಳೂ ಇವೆ. ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಕಬ್ಬಿನ ದರವನ್ನು ಕೇಳುವ ರೈತ, ಅದರ ಜೊತೆಗೆ ಮಕ್ಕಳ ಮೈದಾನಕ್ಕಾಗಿ ಒಂದು ಮಾತು ಕೇಳಿದರೆ ತಪ್ಪೇನೂ ಇಲ್ಲ. ಇನ್ನು ಓಣಿಗೊಂದು ಗಣೇಶೋತ್ಸವದ ತರುಣ ಮಂಡಳವಿದೆ. ಹತ್ತು ದಿನಗಳ ಉತ್ಸವಕ್ಕೆ ಮನೆಮನೆ ತಿರುಗಿ ವರ್ಗಣಿ ಕೂಡಿಸಬಲ್ಲ ಮಂಡಳಕ್ಕೆ ಹದಿನೈದು ಅಂಗಿ, ನಾಲ್ಕು ಚೆಂಡು ಕೂಡಿಸುವುದು ಕಷ್ಟವೆ? ಕೊಲ್ಲಾಪುರದ ತಾಲೀಮುಗಳು ಮಾಡಿದ್ದು ಇದನ್ನೇ. ಓಣಿಯ ಅಭಿಮಾನವನ್ನು ಅವು ಆಟಕ್ಕೆ ತಿರುಗಿಸಿದವು. ನಮ್ಮಲ್ಲಿ ಅದು ಧ್ವನಿವರ್ಧಕಕ್ಕೆ ತಿರುಗಿದೆ.

ಮುಖ್ಯವಾಗಿ ಬೇಕಾದವರು ರೆಫ್ರಿಗಳು ಮತ್ತು ತರಬೇತುಗಾರರು. ದೈಹಿಕ ಶಿಕ್ಷಣದ 'ಪಿ.ಟಿ. ಸರ್'ಗಳಲ್ಲಿ ತಾಲ್ಲೂಕಿಗೆ ಇಬ್ಬರಾದರೂ ಈ ಆಟದ ತರಬೇತಿಯ ಪರವಾನಗಿ ಪಡೆಯಲಿ. ಏಶಿಯಾದ ಒಕ್ಕೂಟ ಕ್ಲಬ್ಬುಗಳಿಗೆ ಪರವಾನಗಿ ಕೊಡುವಾಗ ಮೊದಲು ಕೇಳುವ ಸಂಗತಿಗಳೆಂದರೆ ಮೈದಾನವಿದೆಯೆ, ಕಿರಿಯರ ತಂಡಗಳಿವೆಯೆ, ಅರ್ಹ ತರಬೇತುಗಾರರಿದ್ದಾರೆಯೆ, ಲೆಕ್ಕಪತ್ರ ಶುದ್ಧವಾಗಿದೆಯೆ ಎಂಬವು. ನಾವು ಏಶಿಯಾಕ್ಕೆ ಹೋಗದಿದ್ದರೂ ಚಿಂತೆಯಿಲ್ಲ, ಈ ನಾಲ್ಕು ಪ್ರಶ್ನೆಗಳನ್ನು ನಮ್ಮ ತಾಲ್ಲೂಕಿನ ತಂಡಕ್ಕೆ ಕೇಳಿಕೊಳ್ಳಬಹುದು. ಅದರಲ್ಲಿಯೂ ನಾಲ್ಕನೆಯದನ್ನು ಗಟ್ಟಿಯಾಗಿ ಕೇಳಬೇಕು. ಆಟ ಕೆಡುವುದು ಅಂಗಳದಲ್ಲಿ ಅಲ್ಲ, ಕಚೇರಿಯಲ್ಲಿ ಎಂಬುದನ್ನು ಲಾಹೋರೂ ದಿಲ್ಲಿಯೂ ಸೇರಿಯೇ ನಮಗೆ ಕಲಿಸಿವೆ.

"ಕೂಸು ಹುಟ್ಟುವ ಮೊದಲೇ ಕುಲಾವಿ" ಎಂದು ಗೆಳೆಯರು ಹಾಸ್ಯ ಮಾಡುತ್ತಾರೆ. ಮೈದಾನವೇ ಇಲ್ಲದ ಕಡೆ ಏಶಿಯಾದ ಪರವಾನಗಿಯ ಮಾತೇಕೆ ಎಂಬುದು ಅವರ ಆಕ್ಷೇಪ. ಆಕ್ಷೇಪ ನ್ಯಾಯವಾದದ್ದೇ. ಆದರೆ ನಾನು ಕೇಳುತ್ತಿರುವುದು ಕುಲಾವಿಯನ್ನಲ್ಲ, ತೊಟ್ಟಿಲನ್ನು. ಎರಡನೆಯ ಆಕ್ಷೇಪ ಕ್ರಿಕೆಟ್ಟಿನ ಅಭಿಮಾನಿಗಳದು. ಅವರೊಡನೆ ನನಗೆ ಜಗಳವಿಲ್ಲ. ಎರಡೂ ಇರಲಿ. ಒಂದು ಚೆಂಡಿನ ಖರ್ಚಿನಲ್ಲಿ ಇಪ್ಪತ್ತೆರಡು ಜನ ಏಕಕಾಲಕ್ಕೆ ಓಡಾಡುವ ಆಟ ಬಡ ಊರುಗಳಿಗೆ ಹೆಚ್ಚು ಹೊಂದುತ್ತದೆಂದು ಮಾತ್ರ ಹೇಳಬಯಸುತ್ತೇನೆ. ಮೂರನೆಯ ಆಕ್ಷೇಪ ಹಿರಿಯರದು: "ಆಡಿದರೆ ನೌಕರಿ ಸಿಗುತ್ತದೆಯೆ?" ಎಲ್ಲರಿಗೂ ಸಿಗುವುದಿಲ್ಲ. ಸೈನ್ಯ, ಪೋಲೀಸು, ರೈಲ್ವೆಗಳಲ್ಲಿ ಕ್ರೀಡಾಪಟುಗಳಿಗೆ ಸ್ಥಾನಗಳಿವೆ, ಅವು ಕೆಲವರಿಗಷ್ಟೆ. ಉಳಿದವರಿಗೆ ಸಿಗುವುದು ಬೇರೆ: ಗಟ್ಟಿಯಾದ ಮೈ, ಸೋಲನ್ನು ತಾಳುವ ಮನಸ್ಸು, ಗುಟಖಾ ಅಂಗಡಿಯ ಕಟ್ಟೆಯಲ್ಲಿ ಕಳೆಯದ ಸಂಜೆಗಳು. ತಂಬಾಕಿನ ಸೀಮೆಯಲ್ಲಿ ಹುಟ್ಟಿದ ನಮಗೆ ಈ ಕೊನೆಯದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಭಾರತದ ಕ್ಲಬ್ಬುಗಳು ಏಶಿಯಾದಲ್ಲಿ ಗೆಲ್ಲಲಾರವೆಂಬ ಮಾತನ್ನೂ ಒಪ್ಪುವಂತಿಲ್ಲ. ೨೦೨೧ರಲ್ಲಿ ಗೋವೆಯ ಕ್ಲಬ್ಬು ಏಶಿಯಾದ ಅತ್ಯುನ್ನತ ಪಂದ್ಯಾವಳಿಯ ಗುಂಪು ಹಂತದಲ್ಲಿ ಆಡಿದ ಮೊದಲ ಭಾರತೀಯ ಕ್ಲಬ್ಬಾಯಿತು. ೨೦೨೨ರ ಏಪ್ರಿಲ್ ೧೧ರಂದು ರಿಯಾಧಿನಲ್ಲಿ ಮುಂಬಯಿ ಸಿಟಿ ತಂಡ ಆ ಪಂದ್ಯಾವಳಿಯಲ್ಲಿ ಭಾರತದ ಮೊದಲ ಗೆಲುವನ್ನು ಪಡೆಯಿತು. ಸೋತವರು ಯಾರು ಗೊತ್ತೆ? ಆರು ವರ್ಷಗಳ ಹಿಂದೆ ದೋಹಾದಲ್ಲಿ ಬೆಂಗಳೂರನ್ನು ಅಳಿಸಿದ್ದ ಅದೇ ಇರಾಕಿನ ವಾಯುಸೇನೆಯವರು, ೨-೧ರಿಂದ. ಆದುದರಿಂದ ಏಶಿಯಾದ ಬಾಗಿಲಿಗೆ ಹಾಕಿದ ಬೀಗ ಒಡೆಯಲಾರದ್ದೇನೂ ಅಲ್ಲ. ಆದರೆ ಒಂದು ಸಲ ತೆರೆಯುವುದು ಬೇರೆ, ತೆರೆದಿಡುವುದು ಬೇರೆ. ಹಣದಿಂದ ಒಂದು ಸಲ ತೆರೆಯಬಹುದು. ತೆರೆದಿಡಲು ಊರೂರಿನ ಹುಡುಗರು ಬೇಕು.

ವಿದ್ಯಾರ್ಥಿ ಬಂಧು-ಭಗಿನಿಯರೇ, ದೊಡ್ಡವರು ಬಂದು ನಮಗೆ ಮೈದಾನ ಮಾಡಿಕೊಟ್ಟಾರೆಂದು ಕಾದು ಕುಳಿತರೆ ಇನ್ನೂ ಐವತ್ತನಾಲ್ಕು ವರ್ಷ ಕಳೆದೀತು. ಈ ಸಂಚಿಕೆ ನಿಮ್ಮ ಕೈ ಸೇರುವಾಗ ಮುಂದಿನ ದಸರೆಗೆ ಇನ್ನೂ ಸಮಯವಿರುತ್ತದೆ. ಪ್ರತಿಯೊಂದು ತಾಲ್ಲೂಕಿನಿಂದ ಇಬ್ಬರು ಮುಂದೆ ಬಂದರೂ ಸಾಕು, ಹತ್ತು ಜನರ ಒಂದು ಸಮಿತಿಯಾಗುತ್ತದೆ. ಹತ್ತು ಜನರ ಸಮಿತಿಯಿಂದ ಹತ್ತು ತಂಡಗಳಾಗುತ್ತವೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಕಾಗವಾಡದ ಅಂಗಳದಲ್ಲಿ ಚೆಂಡೊದೆಯುವ ಹುಡುಗನೊಬ್ಬ ಮುಂದೊಂದು ದಿನ ಏಶಿಯಾದ ಅಂಗಳದಲ್ಲಿ ಆಡಿದರೆ ಸಂತೋಷ. ಆಡದಿದ್ದರೂ, ಅವನಿಗೆ ಪ್ರತಿ ರವಿವಾರ ಆಡಲು ಒಂದು ಅಂಗಳವನ್ನು ನಾವು ಕೊಟ್ಟಿದ್ದೆವೆಂಬ ಸಮಾಧಾನ ಉಳಿಯುತ್ತದೆ. ಈಗ ನಮಗೆ ಆ ಸಮಾಧಾನವೂ ಇಲ್ಲ.

— ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ